ಟ್ಯಾಪೆಸ್ಟ್ರಿ ದಾಖಲೆ, 18ನೆಯ ವಾರ: ಬಿಚ್ಚಿದ 11 ಸೆಂಟಿಮೀಟರ್

ಬಣ್ಣದ ನೂಲಿನಲ್ಲೇ ಚಿತ್ರ ಮೂಡುವಂತೆ ನೇಯುವ ಗೋಡೆಯ ಪಟ, ಅಂದರೆ ಟ್ಯಾಪೆಸ್ಟ್ರಿಯನ್ನು, ಕಳೆದ ಭಾನುವಾರದವರೆಗೆ 74 ಸೆಂಟಿಮೀಟರ್ ನೇಯ್ದಿದ್ದೆ. ಇಂದು ಮಗ್ಗದ ಮೇಲಿರುವುದು 66. ನಡುವಿನ ಮೂರು ಸಂಜೆಗಳು ನೇಯ್ದದ್ದನ್ನು ಬಿಚ್ಚುವುದರಲ್ಲೇ ಕಳೆದವು.

ಕೆಲಸದ ಅಳತೆಯನ್ನು ಮತ್ತೊಮ್ಮೆ ಹೇಳಿಬಿಡುತ್ತೇನೆ. ಗೋಡೆಗೆ ತೂಗಿದಾಗ ಇದು 180 ಸೆಂಟಿಮೀಟರ್ ಅಗಲ, 120 ಎತ್ತರ ಇರುತ್ತದೆ. ಚಿತ್ರ, ಬಿಳಲು ಇಳಿಬಿಟ್ಟ ಒಂದು ಆಲದ ಮರ. ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆ, ಹತ್ತಿಯದು; 120ರ ಬದಿಗೆ ಸೆಂಟಿಮೀಟರಿಗೆ 3ರಂತೆ ಒಟ್ಟು 360 ಎಳೆ. ಹೊಕ್ಕು, ಅಂದರೆ ಅದಕ್ಕೆ ಅಡ್ಡಲಾಗಿ ನೇಯುವ ನೂಲು, ಉಣ್ಣೆಯದು. ಹತ್ತು ಸೆಂಟಿಮೀಟರ್ ಚೌಕದ ಮಾದರಿಯೊಂದನ್ನು ನೇಯ್ದು ತೂಗಿದಾಗ ಹೊಕ್ಕಿನ ನೂಲು 14 ಗ್ರಾಂ ಬಂತು. ಆ ಲೆಕ್ಕದಲ್ಲಿ ಪೂರ್ತಿ ಪಟಕ್ಕೆ 3 ಕಿಲೋಗಿಂತ ತುಸು ಹೆಚ್ಚು ಬೇಕಾದ್ದರಿಂದ ಮೂರೂವರೆ ಕಿಲೋ ತರಿಸಿಟ್ಟುಕೊಂಡೆ. ಒಮ್ಮೆ ಮುಗಿದ ಬಣ್ಣ ಮತ್ತೆ ಅದೇ ಛಾಯೆಯಲ್ಲಿ ಸಿಗುತ್ತದೆಂದು ನಂಬುವಂತಿಲ್ಲ.

ಚಿತ್ರವನ್ನು ಅಡ್ಡಲಾಗಿ ಮಲಗಿಸಿ ನೇಯುತ್ತಿದ್ದೇನೆ, ಅಂದರೆ ಮಗ್ಗದ ಮೇಲೆ ಅಗಲ 120, ಉದ್ದ 180. ಯುರೋಪಿನ ಮಧ್ಯಯುಗದ ದೊಡ್ಡ ಟ್ಯಾಪೆಸ್ಟ್ರಿಗಳಲ್ಲಿ ಹೆಚ್ಚಿನವು ಹೀಗೆಯೇ ನೇಯ್ದಂಥವು. ಹೀಗೆ ಮಾಡಿದರೆ ಗೋಡೆಯ ಮೇಲೆ ನೆಟ್ಟಗೆ ಇಳಿಯಬೇಕಾದ ಬಿಳಲು ಮಗ್ಗದ ಮೇಲೆ ಹೊಕ್ಕಿನ ದಿಕ್ಕಿನಲ್ಲೇ ಓಡುತ್ತದೆ, ಮೆಟ್ಟಿಲು ಮೆಟ್ಟಿಲಾಗದೆ ನವಿರಾದ ಗೆರೆಯಾಗಿ ಮೂಡುತ್ತದೆ. ಆದರೆ ನೆಲದ ಗೆರೆ ಹಾಸಿನ ಉದ್ದಕ್ಕೆ ಬರುವುದರಿಂದ, ಎರಡು ಬಣ್ಣಗಳು ಸಂಧಿಸದೆ ಹಿಂದಿರುಗುವಲ್ಲಿ ಸೀಳು ಉಳಿಯುತ್ತದೆ. ತೂಗಿದಾಗ ಕೆಳಗಿನ ಭಾರಕ್ಕೆ ಆ ಸೀಳು ಬಾಯಿ ಬಿಡುತ್ತದೆ. ಆದ್ದರಿಂದ ಪ್ರತಿ ಹತ್ತು ಸೆಂಟಿಮೀಟರಿಗೊಮ್ಮೆ ನಿಂತು ಅದನ್ನು ಹಿಂಬದಿಯಿಂದ ಹೊಲಿಯುತ್ತಿದ್ದೇನೆ.

ಪೆಟ್ಟು ಕೊಟ್ಟದ್ದು ಮಾತ್ರ ನಾನು ಸುಲಭವೆಂದು ಭಾವಿಸಿದ್ದ ಬಿಳಲುಗಳೇ. ಮಗ್ಗದ ಮೇಲೆ 120 ಇರಬೇಕಾದ ಅಗಲ 74ನೆಯ ಸೆಂಟಿಮೀಟರಿನ ಹೊತ್ತಿಗೆ 117.5ಕ್ಕೆ ಇಳಿದಿತ್ತು. ಟೇಪು ಹಿಡಿಯುವ ಮೊದಲೇ ಅಂಚಿನ ಎಳೆಗಳು ಒಳಕ್ಕೆ ವಾಲಿದ್ದು ಕಾಣುತ್ತಿತ್ತು. ಕಂಡೂ ಕಾಣದವನಂತೆ ಎರಡು ವಾರ ನೇಯ್ದೆ. ಹೊಕ್ಕಿನ ನೂಲು ಪ್ರತಿ ಹಾಸೆಳೆಯ ಮೇಲೂ ಕೆಳಗೂ ಬಳುಕಿ ಹೋಗಬೇಕಾದ್ದರಿಂದ ಅದಕ್ಕೆ ನೇರ ದಾರಿಗಿಂತ ಹೆಚ್ಚು ಉದ್ದ ಬೇಕು. ಆ ಉದ್ದವನ್ನು ಕಮಾನಿನಂತೆ ಸಡಿಲ ಬಿಟ್ಟು, ಬಳಿಕ ಹಣಿಗೆಯಿಂದ ಬಡಿದು ಕೂರಿಸಬೇಕು. ಎಲೆಗಳ ಭಾಗದಲ್ಲಿ ಬಣ್ಣಗಳು ಚಿಕ್ಕಚಿಕ್ಕವಾಗಿದ್ದುದರಿಂದ ಕೈ ತಾನಾಗಿಯೇ ನಿಧಾನಿಸುತ್ತಿತ್ತು. ಬಿಳಲಿಗೆ ಬಂದಾಗ ಎಪ್ಪತ್ತು ಸೆಂಟಿಮೀಟರ್ ಉದ್ದಕ್ಕೂ ಒಂದೇ ಬಣ್ಣ ಓಡುವ ಖುಷಿಗೆ, ಒಂದೇ ಒಂದು ದೊಡ್ಡ ಕಮಾನು ಬಿಟ್ಟು ಎಳೆದುಬಿಡುತ್ತಿದ್ದೆ.

ಹೀಗಾಗಿ ಬಿಳಲು ಆರಂಭವಾಗುವ 63ರವರೆಗೆ ಬಿಚ್ಚಿದೆ. ಬಿಚ್ಚಿದ ಉಣ್ಣೆ ಸುಕ್ಕುಗಟ್ಟಿರುತ್ತದೆ. ಲಡಿ ಮಾಡಿ, ನೀರಿನಲ್ಲಿ ಅದ್ದಿ, ನೆರಳಲ್ಲಿ ತೂಗುಹಾಕಿದ ಮೇಲೆ ಹೆಚ್ಚುಕಡಿಮೆ ನೇರವಾಯಿತು, ಆದರೂ ಅದನ್ನು ಆಕಾಶದ ಮೂಲೆಗಳಿಗಷ್ಟೇ ಬಳಸುತ್ತೇನೆ. ಈಗ ನಾಲ್ಕು ಬೆರಳಗಲಕ್ಕೊಂದು ಸಣ್ಣ ಕಮಾನು ಬಿಡುತ್ತಿದ್ದೇನೆ; ಎರಡೂ ಅಂಚುಗಳನ್ನು ದಾರದಿಂದ ಮಗ್ಗದ ಕಂಬಗಳಿಗೆ ಬಿಗಿದಿದ್ದೇನೆ; ಪ್ರತಿ ಮೂರು ಸೆಂಟಿಮೀಟರಿಗೊಮ್ಮೆ ಅಗಲ ಅಳೆದು ಗೋಡೆಯ ಮೇಲೆ ಬರೆದಿಡುತ್ತಿದ್ದೇನೆ. 63ರಲ್ಲಿ 119.2 ಇದ್ದದ್ದು 66ರಲ್ಲಿ 119.4 ಆಗಿದೆ. ಒಮ್ಮೆಲೇ 120ಕ್ಕೆ ಹಿಗ್ಗಿಸಹೋದರೆ ಅಂಚು ಅಲೆಅಲೆಯಾಗುವುದರಿಂದ, ಉಳಿದದ್ದು 75ನೆಯ ಸೆಂಟಿಮೀಟರಿನೊಳಗೆ ನಿಧಾನವಾಗಿ ಸರಿಹೋದರೆ ಸಾಕು.