ರಾಪೆಲಿಂಗ್ ಶುರುವಾಗುವ ಮೊದಲು

ರಾಪೆಲಿಂಗ್‌ಗೆ, ಅಂದರೆ ಹಗ್ಗದ ಮೇಲೆ ಬಂಡೆ ಇಳಿಯಲು, ಹೋದಾಗ ಎಲ್ಲರ ಕಣ್ಣೂ ಇಳಿಯುವ ಹಗ್ಗದ ಮೇಲೆಯೇ ಇರುತ್ತದೆ. ಆ ಹಗ್ಗದವರೆಗೆ ಹೋಗುವ ದಾರಿಯ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಜಾಸ್ತಿ ಭಯ ಇರುವುದು ಅಲ್ಲೇ. ಇಳಿಯುವಾಗ ಸೊಂಟಕ್ಕೆ ಕಟ್ಟಿದ ಪಟ್ಟಿ, ಅಂದರೆ ಹಾರ್ನೆಸ್, ಹಗ್ಗಕ್ಕೆ ಸೇರಿರುತ್ತದೆ, ಬಿಲೇ ಹಿಡಿದವರು, ಅಂದರೆ ಜಾರಿದರೆ ತಡೆಯಲು ಹಗ್ಗ ಹಿಡಿದವರು, ಇರುತ್ತಾರೆ. ಬಂಡೆಯ ಅಂಚಿನಲ್ಲಿ ನಡೆದು ಹೋಗುವಾಗ ಅದ್ಯಾವುದೂ ಇರುವುದಿಲ್ಲ, ಅಲ್ವಾ?

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ನಮ್ಮ ಗುಂಪು ಮಹಾರಾಷ್ಟ್ರದ ಕರ್ಜತ್ ಕಡೆಯ ಒಂದು ಜಲಪಾತಕ್ಕೆ ಹೋಗಿತ್ತು. ಅಲ್ಲಿನ ಸಹ್ಯಾದ್ರಿಯ ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದದ್ದು. ಮೆದು ಪದರ ಸವೆದ ಕಡೆ ಬಂಡೆಗೆ ಅಡ್ಡಲಾಗಿ ಕಿರಿದಾದ ಅಂಚು ಉಳಿಯುತ್ತದೆ. ಇಳಿಯುವ ಜಾಗಕ್ಕೆ ನಾವು ಹೋಗಬೇಕಿದ್ದದ್ದು ಅಂಥ ಅಂಚಿನ ಮೇಲೆ. ಪಾದಕ್ಕಿಂತ ಸ್ವಲ್ಪ ಅಗಲ, ಮೇಲೆಲ್ಲ ಪಾಚಿ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಅದಕ್ಕೇ ಅಂಚಿನುದ್ದಕ್ಕೂ ಹಗ್ಗ ಕಟ್ಟಿ, ಅದಕ್ಕೆ ಸಿಕ್ಕಿಸಿಕೊಂಡು ದಾಟೋಣ ಎಂದೆವು.

"ಅಕ್ಕಾ, ಇಷ್ಟೇ ಇಷ್ಟು ದೂರಕ್ಕೆ ಹಗ್ಗ ಬೇಕಾ? ಬಂಡೆ ಹಿಡ್ಕೊಂಡು ದಾಟ್ತೀವಿ," ಎಂದ ಒಬ್ಬ ಹುಡುಗ.

"ದೂರ ನೋಡಬೇಡಪ್ಪ, ಆಳ ನೋಡು," ಎಂದೆ.

ನಮ್ಮ ಲೀಡರ್ ಮೊದಲು ದಾಟಿದರು. ನಾನು ಮರಕ್ಕೆ ಭದ್ರವಾಗಿ ಕಟ್ಟಿ ಆಂಕರ್ ಮಾಡಿಕೊಂಡು ಅವರಿಗೆ ಬಿಲೇ ಕೊಟ್ಟೆ. ನಡುವೆ ಬಂಡೆಯಲ್ಲಿದ್ದ ಬೋಲ್ಟನ್ನು ಅಲುಗಾಡಿಸಿ ನೋಡಿ, ಕ್ಯಾರಬೈನರ್ ಎಂಬ ಲೋಹದ ಕೊಂಡಿ ಹಾಕಿ ಹಗ್ಗ ಹಾಯಿಸಿದರು. ಆ ಕಡೆ ಎರಡು ಬೋಲ್ಟ್‌ಗಳಿಗೆ ಸೇರಿಸಿ ಕಟ್ಟಿದರು. ನಡುವಿನ ಬೋಲ್ಟ್‌ಗೆ ಕ್ಲೋವ್ ಹಿಚ್ ಗಂಟು ಹಾಕಿದ ಮೇಲೆ ಹಗ್ಗ ಎರಡು ತುಂಡಾದ ಹಾಗೆ. ಒಂದು ತುಂಡಿನಲ್ಲಿ ಒಬ್ಬರೇ. ಜಾರಿದರೂ ತೂಗಾಟ ಕಡಿಮೆ. ಹಗ್ಗ ಸೊಂಟಕ್ಕಿಂತ ಮೇಲಿರಬೇಕು. ಕಾಲಿನ ಹತ್ತಿರ ಇದ್ದರೆ ಬೀಳುವ ದೂರ ಜಾಸ್ತಿ.

ಈ ಕಡೆಯ ತುದಿ ಬಿಗಿಯುವಾಗ ಇಬ್ಬರು ಹುಡುಗರು ಬಂದು ಜಗ್ಗತೊಡಗಿದರು. ಬಿಗಿಯಾದಷ್ಟೂ ಭದ್ರ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು, ಅಪಾಯಕಾರಿ ತಪ್ಪು. 80 ಕಿಲೋದವರು ಹಗ್ಗದ ನಡುವೆ ತೂಗಿದರು ಅನ್ನಿ. ಎರಡೂ ಕಡೆಯ ಹಗ್ಗದ ನಡುವಿನ ಕೋನ 120 ಡಿಗ್ರಿ ಇದ್ದರೆ, ಒಂದೊಂದು ಆಂಕರ್ ಮೇಲೂ 80 ಕಿಲೋ ಭಾರ. ಹಗ್ಗ ಬಿಗಿದು ಅದೇ ಕೋನ 170 ಡಿಗ್ರಿ ಆದರೆ ಒಂದೊಂದರ ಮೇಲೂ 450 ಕಿಲೋಗಿಂತ ಜಾಸ್ತಿ. ಅದೂ ಸುಮ್ನೆ ತೂಗಿದಾಗ. ಕೈಯಲ್ಲಿ ಎಳೆದು ಸಡಿಲು ತೆಗೆದರೆ ಸಾಕು. ಹುಡುಗರನ್ನು ಪಕ್ಕಕ್ಕೆ ಕಳಿಸಿ, ಒತ್ತಡ ಬಿದ್ದರೂ ಬಿಚ್ಚಲು ಬರುವಂತೆ ಮುಂಟರ್ ಹಿಚ್ ಗಂಟು ಹಾಕಿ ಲಾಕ್ ಮಾಡಿದೆ.

ದಾಟುವವರಿಗೆ ಹೇಳಿದ್ದು ಒಂದೇ ಮಾತು. ಹಾರ್ನೆಸ್‌ನಿಂದ ಹಗ್ಗಕ್ಕೆ ಸಿಕ್ಕಿಸುವ ಗಿಡ್ಡ ಹಗ್ಗ, ಅಂದರೆ ಕೌಟೇಲ್, ಎರಡಿವೆ, ಬೋಲ್ಟ್ ದಾಟುವಾಗ ಒಂದನ್ನು ಆಚೆ ಹಾಕಿದ ಮೇಲೆಯೇ ಇನ್ನೊಂದನ್ನು ತೆಗೆಯಿರಿ. ನೀರಿನ ಸದ್ದಿಗೆ ಮಾತು ಕೇಳಿಸದು, ಹಾಗಾಗಿ ಎಲ್ಲರ ಕೈಲೂ ಮೊದಲೇ ಮಾಡಿಸಿ ನೋಡಿದೆ. ಬೋಲ್ಟ್ ದಾಟಿ ಎರಡು ಹೆಜ್ಜೆ ಇಟ್ಟ ಹುಡುಗಿಯೊಬ್ಬಳು ಜಾರಿದಳು. ಹಗ್ಗ ಒಂದು ಗೇಣು ತಗ್ಗಿ ನಿಂತಿತು. ಎದ್ದು, ಕಾಲು ಊರಿಕೊಂಡು ಹೋದಳು. ಹಗ್ಗ ಬೇಕಾ ಎಂದು ಕೇಳಿದ್ದ ಹುಡುಗ ಅವಳ ಹಿಂದೆಯೇ ಇದ್ದ. ತನ್ನ ಕ್ಯಾರಬೈನರ್‌ನ ಲಾಕ್ ಮತ್ತೊಮ್ಮೆ ತಿರುಗಿಸಿ ನೋಡಿಕೊಂಡ.

ಕೊನೆಗೆ ಉಳಿದವಳು ನಾನು. ಎಲ್ಲಕ್ಕಿಂತ ಕಷ್ಟದ ಸರದಿ ಇದು. ಹಗ್ಗದ ಈ ತುದಿ ಬಿಚ್ಚಿದ ಮೇಲೆ ಲೈನೇ ಇರುವುದಿಲ್ಲ. ಅದಕ್ಕೇ ನನಗಿಂತ ಮುಂಚೆ ದಾಟಿದವರು ನಡುವಿನ ಗಂಟು ಬಿಚ್ಚಿ, ಹಗ್ಗ ಕ್ಯಾರಬೈನರ್ ಒಳಗೆ ಹರಿಯುವಂತೆ ಬಿಟ್ಟಿದ್ದರು. ತುದಿಯನ್ನು ಹಾರ್ನೆಸ್‌ಗೆ ಕಟ್ಟಿಕೊಂಡೆ, ಆ ಕಡೆಯಿಂದ ಲೀಡರ್ ಬಿಲೇ ಹಿಡಿದರು. ಬೋಲ್ಟ್‌ವರೆಗೆ ಜಾರಿದರೂ ತೂಗಾಟ ಚಿಕ್ಕದೇ. ಅದನ್ನು ದಾಟಿ ಕ್ಯಾರಬೈನರ್ ಬಿಚ್ಚಿಕೊಂಡ ಮೇಲೆ ಉಳಿದ ಹೆಜ್ಜೆಗಳಿಗೆ ದೊಡ್ಡ ತೂಗಾಟದ ಅಪಾಯ ಇದ್ದೇ ಇರುತ್ತದೆ. ಅದಕ್ಕೆ ಉಪಾಯ ಇಲ್ಲ, ಅಭ್ಯಾಸ ಇರುವವರೇ ಕೊನೆಯಲ್ಲಿ ಬರಬೇಕು. ನಾನು ದಾಟಿ ಬೋಲ್ಟ್‌ಗೆ ಕ್ಲಿಪ್ ಮಾಡಿಕೊಂಡ ಮೇಲೆ, ಅದೇ ಹಗ್ಗವನ್ನು ಚೀಲಕ್ಕೆ ತುಂಬಿ ಇಳಿಯುವ ಕೆಲಸ ಶುರು ಮಾಡಿದೆವು.