ಅಪ್ಪ ತಂದ ಎರೆ ಮಣ್ಣು

ಎಂಎಸ್ಸಿ ಪ್ರಾಜೆಕ್ಟ್‌ಗೆಂದು ಅಪ್ಪ ಡೋಣಿ ನದಿ ದಂಡೆಯ ನಮ್ಮ ಹೊಲದಿಂದ ಎರೆ ಮಣ್ಣು ತಂದಿದ್ದರು. ಸಾಣಿಗೆ ಹಿಡಿದು, ಮತ್ತೆ ಹಳೆ ಧೋತರದ ಬಟ್ಟೆಯಲ್ಲಿ ಸೋಸಿದ್ದರು. ಬೆರಳಿಗೆ ಪೌಡರಿನಂತೆ ಅಂಟುತ್ತಿತ್ತು. "ಇಷ್ಟ ಸಾಕೇನವಾ? ಇನ್ನೊಂದ ಬೊಗಸಿ ತರ್ಲಿ?" ಅಂದರು. ನನಗೆ ಬೇಕಿದ್ದದ್ದು ಒಂದು ಚಮಚ.

ವಿಜಯಪುರದ ಬೇಸಿಗೆಯಲ್ಲಿ ಈ ಮಣ್ಣೇ ಗಾಳಿಗೆ ಏಳುತ್ತದೆ. ಅದು ಬೆಳಕನ್ನು ಹೇಗೆ ಚದುರಿಸುತ್ತದೆ ಎಂದು ಲ್ಯಾಬಿನಲ್ಲಿ ಅಳೆಯಬೇಕಿತ್ತು. 532 ನ್ಯಾನೋಮೀಟರ್‌ನ ಹಸಿರು ಲೇಸರ್, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಗುಂಡಗಿನ ಕಣಕ್ಕೆ ತಾಗಿ ನೇರ ಹಿಂದಕ್ಕೆ ಬಂದರೆ ಆ ದಿಕ್ಕು ಹಾಗೇ ಉಳಿಯುತ್ತದೆ. ಅಂಕುಡೊಂಕಾದ ಮಣ್ಣಿನ ಕಣವಾದರೆ ಒಂದು ಪಾಲು ಅಡ್ಡಕ್ಕೆ ತಿರುಗುತ್ತದೆ. ಅಡ್ಡಕ್ಕೆ ತಿರುಗಿದ ಬೆಳಕನ್ನು ದಿಕ್ಕು ಉಳಿಸಿಕೊಂಡ ಬೆಳಕಿನಿಂದ ಭಾಗಿಸಬೇಕು, ಅಷ್ಟೇ ಲೆಕ್ಕ. ಕ್ಯಾಲಿಪ್ಸೊ ಉಪಗ್ರಹ 2006ರಿಂದ 2023ರವರೆಗೆ ಆಕಾಶದ ಧೂಳನ್ನು ಗುರುತಿಸಿದ್ದಕ್ಕೂ ಇದೇ ಲೆಕ್ಕ ಆಧಾರ.

"ಮೊದಲು ನೀರಿನ ಮಂಜು ಬಿಟ್ಟು ನೋಡಮ್ಮ" ಅಂದರು ಸರ್. ಹನಿ ಗುಂಡಗಿರುತ್ತದೆ, ಸೊನ್ನೆಯ ಹತ್ತಿರ ಬರಬೇಕು. ಬಂದದ್ದು 0.12. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆಯನ್ನು ಮತ್ತೆ ಹೊಂದಿಸಿದೆ. ಮಂಜು ಬಿಟ್ಟ ಪೆಟ್ಟಿಗೆಯ ಗಾಜಿನಿಂದ ಬೆಳಕು ತಿರುಗಿ ಬರಬಾರದೆಂದು ಅದನ್ನು ಸ್ವಲ್ಪ ವಾರೆ ಮಾಡಿದೆ. ಹಿಂದೆ ಕಪ್ಪು ಮಖಮಲ್ ಬಟ್ಟೆ ಕಟ್ಟಿದೆ. ಆದರೂ 0.12. ಬುತ್ತಿಯ ರೊಟ್ಟಿ ಹಾಗೇ ಉಳಿಯಿತು. ಅಳು ಬರುವುದೊಂದು ಬಾಕಿ.

ಲೈಟ್ ಆರಿಸಿ ಸುಮ್ನೆ ಪೆಟ್ಟಿಗೆ ನೋಡುತ್ತಾ ಕೂತೆ. ಲೇಸರಿನ ಗೆರೆ ಗೆರೆಯಾಗಿರಲಿಲ್ಲ. ಸುತ್ತ ಹಸಿರು ಮಬ್ಬು ಹರಡಿ, ಮೂಲೆಗಳೂ ಬೆಳಗುತ್ತಿದ್ದವು. ಮಂಜು ಜಾಸ್ತಿಯಾಗಿತ್ತು! ಬೆಳಕು ಒಂದು ಹನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಡಿದು ಬರುತ್ತಿತ್ತು. ಹಾಗೆ ಹಲವು ಸಲ ಚದುರಿದರೆ ಗುಂಡು ಹನಿಗಳೂ ದಿಕ್ಕು ಕೆಡಿಸುತ್ತವೆ.

ಮುಚ್ಚಳ ಸರಿಸಿದೆ. ಮಬ್ಬು ಕರಗಿ ಗೆರೆ ದಾರದಷ್ಟು ಸಣ್ಣಗಾಯಿತು. 0.07. 0.04. ಕೊನೆಗೆ 0.02ಕ್ಕೆ ನಿಂತಿತು.

ಪೆಟ್ಟಿಗೆ ಒರೆಸಿ ಒಣಗಿಸುವಷ್ಟರಲ್ಲಿ ಸಂಜೆ. ರಬ್ಬರ್ ಬಲ್ಬ್ ಒತ್ತಿ ಚಿಟಿಕೆ ಮಣ್ಣು ಊದಿದೆ. ಗೆರೆಯೊಳಗೆ ಕಣಗಳು ಮಿಣಮಿಣ ಮಿನುಗಿದವು. ದಪ್ಪ ಕಣ ಬೇಗ ಕೆಳಗಿಳಿದವು, ಸಣ್ಣವು ತೇಲುತ್ತಲೇ ಇದ್ದವು. 0.28. ಮೂರು ಸಲ ಊದಿದೆ, ಮೂರು ಸಲವೂ ಅದರ ಆಸುಪಾಸೇ. ಸಹಾರಾ ಧೂಳಿಗೆ ಇದೇ ಹಸಿರು ಬೆಳಕಿನಲ್ಲಿ ಸುಮಾರು 0.3 ಬರುತ್ತದೆ ಎಂದು ಓದಿದ್ದೆ. ಮೈ ಜುಮ್ಮೆಂದಿತು.

ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ನಮ್ಮ ಮಣ್ಣಿಗೆ 0.28 ಬಂತು."

"ಅದು ಛಲೋನ ಏನವಾ?"

"ಭಾಳ ಛಲೋ ಅಪ್ಪಾ."

"ಹಂಗಾದ್ರ ಇನ್ನೊಂದ ಬೊಗಸಿ ತರ್ತೀನಿ ತಡಿ" ಅಂದರು.