ಕ್ಸೈಲೀನ್ ತೊಳೆದುಬಿಟ್ಟದ್ದು

ಸಡಿಲಗೊಂಡ ಕೃತಕ ಸೊಂಟದ ಕೀಲಿನ ಸುತ್ತಲಿಂದ ತೆಗೆದ ಪೊರೆಯ ಸ್ಲೈಡ್ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ತೂತುಗಳು. ಕೊಬ್ಬಿನ ಕೋಶಗಳಿರಬೇಕು ಅಂದುಕೊಂಡು ಹೊಸಬರು ಮುಂದೆ ಹೋಗಿಬಿಡುತ್ತಾರೆ. ನೋಡಬೇಕಾದದ್ದು ತೂತಿನ ಅಂಚನ್ನು. ಅಲ್ಲಿ ಹತ್ತಾರು ನ್ಯೂಕ್ಲಿಯಸ್ ಇರುವ ಜೈಂಟ್ ಸೆಲ್‌ಗಳು ಏನನ್ನೋ ತಬ್ಬಿಕೊಂಡಂತೆ ಕೂತಿರುತ್ತವೆ, ಒಳಗೆ ಒಂದಿಷ್ಟು ಸಣ್ಣ ಪುಡಿ ಉದುರಿರುತ್ತದೆ. ಅಲ್ಲಿ ಇದ್ದದ್ದು ಮೂಳೆ ಸಿಮೆಂಟ್, ಅಂದರೆ ಪಾಲಿಮೀಥೈಲ್ ಮೆಥಾಕ್ರಿಲೇಟ್. ತೆಳುವಾಗಿ ಕೊಯ್ಯಲೆಂದು ಮೇಣಕ್ಕೆ ಇಳಿಸುವ ಮೊದಲು ಅಂಗಾಂಶವನ್ನು ಕೊಬ್ಬು ಕರಗಿಸುವ ದ್ರಾವಕವಾದ ಕ್ಸೈಲೀನ್‌ನಲ್ಲಿ ಅದ್ದುತ್ತಾರಲ್ಲ, ಸಿಮೆಂಟ್ ಅದರಲ್ಲಿ ಕರಗಿಹೋಗುತ್ತದೆ. ಎಕ್ಸ್‌ರೇಯಲ್ಲಿ ಕಾಣಲೆಂದು ಸಿಮೆಂಟಿಗೆ ಬೆರೆಸಿದ್ದ ಬೇರಿಯಂ ಸಲ್ಫೇಟ್ ಮಾತ್ರ ಕರಗದೆ ಉಳಿಯುತ್ತದೆ. ಆ ಪುಡಿ ಅದೇ.

ಫಾರ್ಮಲಿನ್, ಆಲ್ಕೋಹಾಲ್, ಕ್ಸೈಲೀನ್, ಸುಮಾರು 60 ಡಿಗ್ರಿಯ ಮೇಣ, ಇಷ್ಟನ್ನೂ ತಡೆದುಕೊಂಡದ್ದಷ್ಟೇ ಸ್ಲೈಡಿನ ಮೇಲೆ ಬರುತ್ತದೆ. ಇಂಪ್ಲಾಂಟ್ ತೊಂದರೆಗಳಲ್ಲೂ ಅಪರೂಪದ ಕಾಯಿಲೆಗಳಲ್ಲೂ ಉತ್ತರ ಎಷ್ಟೋ ಸಲ ತಡೆದುಕೊಳ್ಳದೆ ಹೋದ ವಸ್ತುವಿನಲ್ಲೇ ಇರುತ್ತದೆ.

ಕೀಲಿಗೇ ಮರಳೋಣ. ಸವೆದ ಪಾಲಿಎಥಿಲೀನ್ ಕರಗುವುದಿಲ್ಲ, ಆದರೆ ಮಾಮೂಲಿ ಬೆಳಕಿನಲ್ಲಿ ಕಂಡೂ ಕಾಣದಂತಿರುತ್ತದೆ. ಎರಡು ಪೋಲರೈಸರ್ (ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಗಾಜು) ಅಡ್ಡಹಾಕಿದರೆ ಕತ್ತಲಲ್ಲಿ ಬಿಳಿ ಚೂರುಗಳಾಗಿ ಹೊಳೆಯುತ್ತದೆ. ದೊಡ್ಡ ಚೂರುಗಳನ್ನು ಜೈಂಟ್ ಸೆಲ್‌ಗಳು, ಒಂದೆರಡು ಮೈಕ್ರಾನಿನವನ್ನು ಕಸ ನುಂಗುವ ಕೋಶಗಳಾದ ಮ್ಯಾಕ್ರೊಫೇಜ್‌ಗಳು ನುಂಗಿರುತ್ತವೆ. ಲೋಹದ್ದಾದರೆ ಕಪ್ಪು ದೂಳು. ಮೂಳೆ ತಿನ್ನಿಸುವುದು ಮುಖ್ಯವಾಗಿ ಆ ಸಣ್ಣ ಕಣಗಳೇ: ನುಂಗಿದ ಮ್ಯಾಕ್ರೊಫೇಜ್ ಕಳಿಸುವ ಸಂದೇಶಗಳಿಂದ ಮೂಳೆ ಕರಗಿಸುವ ಕೋಶಗಳಾದ ಆಸ್ಟಿಯೋಕ್ಲಾಸ್ಟ್‌ಗಳು ಎಚ್ಚೆತ್ತು ಇಂಪ್ಲಾಂಟಿನ ಸುತ್ತಲ ಮೂಳೆ ಕರಗುತ್ತದೆ, ಕೀಲು ಅಲುಗಾಡತೊಡಗುತ್ತದೆ. ಹೊಳೆದದ್ದೆಲ್ಲ ಪ್ಲಾಸ್ಟಿಕ್ ಅಲ್ಲ ಅನ್ನುವುದೂ ನೆನಪಿರಲಿ. ಹೊಲಿಗೆ ದಾರ ಹೊಳೆಯುತ್ತದೆ, ಕೈಗವಸಿನ ಪಿಷ್ಟದ ಪುಡಿ ಶಿಲುಬೆಯಾಕಾರದಲ್ಲಿ ಹೊಳೆಯುತ್ತದೆ, ಮೇಜಿನ ಮೇಲಿನ ದೂಳೂ ಹೊಳೆಯುತ್ತದೆ. ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿ. ಚೂರು ಕೋಶದ ಮಟ್ಟದಲ್ಲೇ ಇದ್ದರೆ ಲೆಕ್ಕಕ್ಕೆ, ಮೇಲೆ ತೇಲುತ್ತಿದ್ದರೆ ಕಸ.

ಸರ್ಜನ್‌ಗೆ ಬೇಕಾದ ಉತ್ತರ ಒಂದೇ: ಇದು ಸವೆತವೋ, ಸೋಂಕೋ? 400 ಪಟ್ಟು ಹಿಗ್ಗಿಸಿ ನೋಡಿದಾಗ ಕನಿಷ್ಠ ಐದು ಕ್ಷೇತ್ರಗಳಲ್ಲಿ ಪ್ರತಿಯೊಂದರಲ್ಲೂ ಐದಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ (ಸೋಂಕಿಗೆ ಮೊದಲು ಓಡಿಬರುವ ಬಿಳಿ ರಕ್ತಕಣ) ಸಿಕ್ಕರೆ ಸೋಂಕಿನ ಕಡೆ ವಾಲಬೇಕು. ಎಣಿಕೆ ತಪ್ಪುವುದು ಜಾಗದ ಆಯ್ಕೆಯಲ್ಲಿ. ಮೇಲ್ಮೈಯಲ್ಲಿ ರಕ್ತ ಹೆಪ್ಪುಗಟ್ಟಿಸುವ ನಾರಾದ ಫೈಬ್ರಿನ್‌ನಲ್ಲಿ ಸಿಕ್ಕಿಕೊಂಡವು, ರಕ್ತನಾಳದೊಳಗಿನವು ಲೆಕ್ಕಕ್ಕಿಲ್ಲ. ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್‌ನಂಥ ಮಂದ ಸೂಕ್ಷ್ಮಾಣು ಇದ್ದಾಗ ನ್ಯೂಟ್ರೊಫಿಲ್ ಬೆರಳೆಣಿಕೆಯಷ್ಟೇ ಇರಬಹುದು. ಅದರ ಕಲ್ಚರ್ ಅನ್ನು ಎರಡು ವಾರ ಇಡಬೇಕು, ಐದನೇ ದಿನ ಎಸೆಯುವಂತಿಲ್ಲ. ಲೋಹಕ್ಕೆ ಲೋಹ ಉಜ್ಜುವ ಕೀಲುಗಳಲ್ಲಿ ಇನ್ನೊಂದು ಚಿತ್ರವೂ ಇದೆ: ರಕ್ತನಾಳಗಳ ಸುತ್ತ ರೋಗನಿರೋಧಕ ಕೋಶಗಳಾದ ಲಿಂಫೊಸೈಟ್‌ಗಳ ಅಂಗಿಯ ತೋಳಿನಂಥ ದಪ್ಪ ಪದರ, ಪಕ್ಕದಲ್ಲೇ ಸತ್ತ ಅಂಗಾಂಶ. ಇಲ್ಲಿ ರೋಗನಿರೋಧಕ ವ್ಯವಸ್ಥೆಯೇ ಲೋಹದ ಮೇಲೆ ತಿರುಗಿಬಿದ್ದಿರುತ್ತದೆ.

ಸ್ತನದ ಇಂಪ್ಲಾಂಟಿನ ಸಿಲಿಕೋನ್ ಇನ್ನೊಂದು ಬಗೆ. ಕ್ಸೈಲೀನ್ ಅದನ್ನು ಬಹುಪಾಲು ತೊಳೆದುಬಿಡುತ್ತದೆ. ಖಾಲಿ ಗುಳ್ಳೆಗಳು, ಅಲ್ಲಲ್ಲಿ ಗಾಜಿನಂತೆ ಮಿನುಗುವ ಅವಶೇಷ ಉಳಿಯುತ್ತವೆ. ಪೋಲರೈಸರ್ ಹಾಕಿದರೆ ಅದು ಹೊಳೆಯುವುದಿಲ್ಲ. ಸಿಲಿಕೋನ್ ಸೋರಿಕೆ ಹುಡುಕುತ್ತ ಕೂತು ಅದಕ್ಕಿಂತ ಗಂಭೀರವಾದದ್ದನ್ನು ಬಿಡಬಾರದು. ಇಂಪ್ಲಾಂಟ್ ಹಾಕಿ ವರ್ಷ ಕಳೆದ ಮೇಲೆ, ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ, ಒಂದು ಸ್ತನ ಹಠಾತ್ತನೆ ನೀರು ತುಂಬಿ ಊದಿಕೊಂಡರೆ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾದ (ಲಿಂಫೊಸೈಟ್‌ಗಳ ಒಂದು ಕ್ಯಾನ್ಸರ್) ಶಂಕೆ ಬರಬೇಕು, ಅದರಲ್ಲೂ ಒರಟು ಮೇಲ್ಮೈಯ ಇಂಪ್ಲಾಂಟ್ ಆಗಿದ್ದರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ನಂಟಿನ ಬಗ್ಗೆ ಮೊದಲು ಎಚ್ಚರಿಸಿದ್ದು 2011ರಲ್ಲಿ. ಗಡ್ಡೆಯ ಕೋಶಗಳು ಬಹಳ ಸಲ ಆ ನೀರಿನಲ್ಲೂ ಇಂಪ್ಲಾಂಟಿನ ಸುತ್ತ ದೇಹ ಕಟ್ಟಿಕೊಂಡ ಪೊರೆಯಾದ ಕ್ಯಾಪ್ಸೂಲಿನ ಒಳಮೈಯಲ್ಲೂ ಮಾತ್ರ ಇರುತ್ತವೆ. ನೀರನ್ನು ಹೀರಿ ಸಿಂಕಿಗೆ ಚೆಲ್ಲಿದರೆ ರೋಗನಿರ್ಣಯವೂ ಸಿಂಕಿಗೇ ಹೋಯಿತು. ಮೊದಲ ಸಲ ತೆಗೆದ ನೀರಿನಲ್ಲೇ ಕೋಶಗಳು ಹೆಚ್ಚು. ಮತ್ತೆ ಮತ್ತೆ ತೆಗೆದಂತೆ ತೆಳುವಾಗುತ್ತವೆ. 50 ಮಿಲಿಲೀಟರ್‌ನಷ್ಟಾದರೂ ಕಳಿಸಿ ಸೈಟಾಲಜಿ (ಬಿಡಿ ಕೋಶಗಳ ಪರೀಕ್ಷೆ), ಸೆಲ್ ಬ್ಲಾಕ್ (ಕೋಶಗಳನ್ನು ಒಟ್ಟುಗೂಡಿಸಿ ಮೇಣದಲ್ಲಿ ಕೂರಿಸಿದ್ದು), ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಲೇಸರ್ ಮುಂದೆ ಹಾಯಿಸಿ ಎಣಿಸುವ ಪರೀಕ್ಷೆ) ಮೂರನ್ನೂ ಕೇಳಬೇಕು. ಕೋಶದ ಗುರುತಿನ ಪ್ರೋಟೀನ್‌ಗಳಿಗೆ ಬಣ್ಣ ಹಚ್ಚಿದರೆ ಸಿಡಿ30 ಬಲವಾಗಿ ಪಾಸಿಟಿವ್, ಎಎಲ್‌ಕೆ ನೆಗೆಟಿವ್. ಉರಿಯೂತದಲ್ಲೂ ನಾಲ್ಕಾರು ಕೋಶಗಳು ಸಿಡಿ30 ತೋರಿಸುತ್ತವೆ, ಹಾಗಾಗಿ ಬಣ್ಣದ ಜೊತೆ ಕೋಶದ ಆಕಾರವೂ ಹೊಂದಬೇಕು.

ಇದೇ ಕಣ್ಣಿಟ್ಟುಕೊಂಡು ಫ್ಯಾಬ್ರಿ ಕಾಯಿಲೆಯ ಕಿಡ್ನಿ ಬಯಾಪ್ಸಿ ನೋಡಿ. ಆಲ್ಫಾ ಗ್ಯಾಲಕ್ಟೊಸಿಡೇಸ್ ಎ ಕಿಣ್ವದ ಕೊರತೆಯಿಂದ ಒಂದು ಗ್ಲೈಕೋಲಿಪಿಡ್ (ಸಕ್ಕರೆ ಸೇರಿದ ಕೊಬ್ಬು) ಕಿಡ್ನಿಯ ಸೋಸುವ ಕೋಶಗಳಾದ ಪೋಡೋಸೈಟ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಮೇಣದ ಸ್ಲೈಡಿನಲ್ಲಿ ಆ ಕೊಬ್ಬು ತೊಳೆದುಹೋಗಿ ಜೇನುಗೂಡಿನಂಥ ನೊರೆ ಮಾತ್ರ ಕಾಣುತ್ತದೆ. ಗ್ಲುಟರಾಲ್ಡಿಹೈಡ್‌ನಲ್ಲಿ ಇಟ್ಟಿದ್ದ ತುಣುಕನ್ನು ಮೇಣದ ಬದಲು ರೆಸಿನ್‌ನಲ್ಲಿ ಕೂರಿಸಿ ತೆಳು ಸೆಕ್ಷನ್ ಮಾಡಿ ಟೊಲುಯಿಡಿನ್ ಬ್ಲೂ ಹಚ್ಚಿದರೆ ಅದೇ ಜಾಗ ಕಡುನೀಲಿ ಕಾಳುಗಳಿಂದ ತುಂಬಿರುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಕಾಳುಗಳೇ ಪಟ್ಟೆಪಟ್ಟೆಯ ಜೀಬ್ರಾ ಬಾಡಿಗಳು. ಬಯಾಪ್ಸಿಯ ದಿನ ಒಂದು ಮಿಲಿಮೀಟರ್ ತುಣುಕನ್ನು ಬೇರೆ ಬಾಟಲಿಗೆ ಹಾಕಿದ್ದರೆ ಸಿಗುವ ಉತ್ತರ ಇದು. ಇಲ್ಲೂ ಒಂದು ಗುಂಡಿ ಇದೆ: ಹೈಡ್ರಾಕ್ಸಿಕ್ಲೋರೋಕ್ವಿನ್, ಅಮಿಯೊಡಾರೋನ್ ಸೇವಿಸುವವರಲ್ಲೂ ಇಂಥದ್ದೇ ಪಟ್ಟೆಗಳು ಬರುತ್ತವೆ. ಔಷಧಗಳ ಪಟ್ಟಿ ಇಲ್ಲದ ಫಾರಂ ನೋಡಿ ಫ್ಯಾಬ್ರಿ ಎಂದು ಬರೆಯಲು ಧೈರ್ಯ ಸಾಲದು.

ಎರ್ಡ್‌ಹೈಮ್-ಚೆಸ್ಟರ್ ಎಂಬ ಅಪರೂಪದ ಕಾಯಿಲೆಯಲ್ಲಿ ಕಳೆದುಹೋಗುವುದು ಡಿಎನ್‌ಎ. ಎರಡೂ ಕಾಲಿನ ಉದ್ದ ಮೂಳೆಗಳಲ್ಲಿ, ಮಂಡಿಯ ಆಚೀಚೆ, ನೊರೆ ತುಂಬಿದ, ಮ್ಯಾಕ್ರೊಫೇಜ್ ಜಾತಿಯ ಹಿಸ್ಟಿಯೊಸೈಟ್‌ಗಳು ಮತ್ತು ನಾರುಗಟ್ಟಿದ ಅಂಗಾಂಶ. ಸಿಡಿ68 ಪಾಸಿಟಿವ್, ಸಿಡಿ1ಎ ನೆಗೆಟಿವ್. ಎಕ್ಸ್‌ರೇ ನೋಡದೆ ಓದಿದರೆ ‘ಹಳೆಯ ಉರಿಯೂತ’ ಎಂದೇ ವರದಿಯಾಗುತ್ತದೆ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ರೋಗಿಗಳಲ್ಲಿ ಬಿಆರ್‌ಎಎಫ್ ವಿ600ಇ ಮ್ಯುಟೇಶನ್ (ಜೀನಿನ ಬದಲಾವಣೆ) ಇರುತ್ತದೆ. ಅಂಥವರಿಗೆ ಆ ಬದಲಾವಣೆಯನ್ನೇ ಗುರಿಯಾಗಿಸುವ ಔಷಧ ವೆಮುರಾಫೆನಿಬ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಮೂಳೆಯನ್ನು ಮೆತ್ತಗಾಗಿಸಲು ಗಡಿಬಿಡಿಯಲ್ಲಿ ಬಲವಾದ ಆಮ್ಲದಲ್ಲಿ ಹಾಕಿದರೆ ಡಿಎನ್‌ಎ ಚೂರುಚೂರಾಗಿ ಪರೀಕ್ಷೆಯೇ ಫೇಲಾಗುತ್ತದೆ. ಮೂಳೆಯ ಕ್ಯಾಲ್ಸಿಯಂ ಅನ್ನು ಮೆಲ್ಲಗೆ ಹೀರುವ ಇಡಿಟಿಎ ದ್ರಾವಣ ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ತೆಗೆದುಕೊಳ್ಳಲಿ. ಅಥವಾ ಮೆತ್ತಗಿನ ಭಾಗವನ್ನು ಮೊದಲೇ ಬೇರ್ಪಡಿಸಿ ಆಮ್ಲ ತಾಗಿಸದೆ ಬೇರೆ ಬ್ಲಾಕ್ ಮಾಡಿ.

ಅಂಗಾಂಶದಲ್ಲಿ ಜಮೆಯಾಗುವ ಅಸಹಜ ಪ್ರೋಟೀನ್ ಆದ ಅಮೈಲಾಯ್ಡ್‌ಗೆ ತೊಂದರೆ ದ್ರವದಲ್ಲಿಲ್ಲ, ಬ್ಲೇಡಿನಲ್ಲಿದೆ. ಮಾಮೂಲಿ 3–4 ಮೈಕ್ರಾನ್ ಸೆಕ್ಷನ್‌ನಲ್ಲಿ ಕಾಂಗೋ ರೆಡ್ ಬಣ್ಣ ಪೋಲರೈಸರ್‌ನಲ್ಲಿ ತೋರುವ ಹಸಿರು ಹೊಳಪು ಮಂಕಾಗಿ ಸ್ವಲ್ಪ ಅಮೈಲಾಯ್ಡ್ ಇದ್ದರೆ ತಪ್ಪಿಹೋಗುತ್ತದೆ. 8–10 ಮೈಕ್ರಾನ್ ದಪ್ಪ ಕೊಯ್ಯಲು ಹೇಳಬೇಕು.

ಹಾಗಾಗಿ ಸೂಜಿ ಹಾಕುವ ಮೊದಲೇ ಲ್ಯಾಬಿಗೆ ಒಂದು ಫೋನ್ ಮಾಡುವುದು ಒಳ್ಳೆಯದು. ಮಾಮೂಲಿ ತುಣುಕಿಗೆ ಅದರ ಹತ್ತು ಪಟ್ಟಾದರೂ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಗೌಟ್ (ಕೀಲುಗಳಲ್ಲಿ ಯೂರೇಟ್ ಹರಳು ಕಟ್ಟುವ ಕಾಯಿಲೆ) ಶಂಕೆಯಿದ್ದರೆ ಅಪ್ಪಟ ಆಲ್ಕೋಹಾಲ್, ಏಕೆಂದರೆ ಫಾರ್ಮಲಿನ್‌ನ ನೀರಿನಲ್ಲಿ ಯೂರೇಟ್ ಹರಳುಗಳು ಕರಗುತ್ತವೆ. ಹೊಳೆಯುವ ಪ್ರತಿಕಾಯಗಳಿಂದ ಪ್ರೋಟೀನ್ ಹುಡುಕುವ ಇಮ್ಯುನೊಫ್ಲೋರೆಸೆನ್ಸ್‌ಗೆ ಮಿಶೆಲ್ ದ್ರಾವಣ. ಕಲ್ಚರ್‌ಗೆ ಸೂಕ್ಷ್ಮಾಣುರಹಿತ (ಸ್ಟೆರೈಲ್) ಡಬ್ಬಿ, ಒಂದು ಹನಿ ಫಾರ್ಮಲಿನ್ ಕೂಡ ತಾಗದಂತೆ. ಫಾರಂನಲ್ಲಿ ಇಂಪ್ಲಾಂಟ್ ಯಾವ ವಸ್ತುವಿನದು, ಹಾಕಿದ ವರ್ಷ ಯಾವುದು, ಸಿಮೆಂಟ್ ಬಳಸಿದ್ದಾರೆಯೇ, ಆ್ಯಂಟಿಬಯಾಟಿಕ್ ಕೊನೆಯ ಡೋಸ್ ಯಾವಾಗ, ಇಷ್ಟು ಇದ್ದರೆ ಆ ತೂತುಗಳನ್ನು ಓದಬಹುದು. ಮೇಣದ ಬ್ಲಾಕ್ ವರ್ಷಗಟ್ಟಲೆ ಉಳಿಯುತ್ತದೆ, ಹೊಸ ಬಣ್ಣ ಹಚ್ಚಲು ಮತ್ತೆ ಕೊಯ್ಯಬಹುದು. ಡಬ್ಬಿಯಲ್ಲಿ ಮಿಕ್ಕ ಹಸಿ ತುಣುಕನ್ನು ಮಾತ್ರ ಲ್ಯಾಬ್‌ಗಳು ವರದಿಯಾದ ಕೆಲವು ವಾರಗಳಲ್ಲಿ ಎಸೆಯುತ್ತವೆ. ಕ್ಸೈಲೀನ್ ಮುಟ್ಟದೆ ಉಳಿದಿರುವುದು ಅದೊಂದೇ, ಅನುಮಾನ ಬಂದ ದಿನವೇ ಅದನ್ನು ಎತ್ತಿಡಲು ಹೇಳಿ.